ಕಾಫಿ ಸುಂಕ ಕಟ್ಟಿದ್ದು ಯಾರು?

ಮಾನ್ಯ ಸಂಪಾದಕರೇ,

ಸುಂಕವನ್ನು ಹೊರದೇಶದವರೇ ಕಟ್ಟುತ್ತಾರೆ ಎಂಬ ವಾದ ಅಮೆರಿಕದಲ್ಲಿ ಇನ್ನೂ ನಿಂತಿಲ್ಲ. ಬಂದರಿನಲ್ಲಿ ಸರಕು ಬಿಡಿಸಿಕೊಳ್ಳುವಾಗ ದುಡ್ಡು ಕಟ್ಟುವುದು ಅಲ್ಲಿನ ಆಮದುದಾರ. ಅವನೇನು ಸುಮ್ನೆ ಕೈಯಿಂದ ಹಾಕಿಕೊಳ್ಳುತ್ತಾನಾ?

ಕಾಫಿಯನ್ನೇ ನೋಡಿ. ಹವಾಯಿಯಂಥ ಒಂದೆರಡು ಕಡೆ ಬಿಟ್ಟರೆ ಅಮೆರಿಕದಲ್ಲಿ ಕಾಫಿ ಬೆಳೆಯುವುದೇ ಇಲ್ಲ. ಆದರೂ 2025ರ ಆಗಸ್ಟ್‌ನಲ್ಲಿ ಬ್ರೆಜಿಲ್ ಕಾಫಿಗೆ ಶೇ 50ರಷ್ಟು ಸುಂಕ ಬಿತ್ತು. ಇದರಿಂದ ಕಾಪಾಡಿದ್ದು ಯಾವ ರೈತನನ್ನು? ಪುಡಿಯ ಬೆಲೆ ಜಾಸ್ತಿಯಾಯಿತು, ಜನ ಗೊಣಗಿದರು. ನವೆಂಬರ್‌ನಲ್ಲಿ ಟ್ರಂಪ್ ಸರ್ಕಾರ ಕಾಫಿ, ಬಾಳೆಹಣ್ಣು, ದನದ ಮಾಂಸಕ್ಕೆ ವಿನಾಯಿತಿ ಕೊಟ್ಟಿತು. ಕಾರಖಾನೆ ಉಳಿಸಲು ಉಕ್ಕಿಗೆ ಸುಂಕ ಹಾಕಿದರೆ ಅದಕ್ಕೊಂದು ಲೆಕ್ಕವಿದೆ, ಒಪ್ಪೋಣ. ಆದರೆ ಹೊರಗಿನವರೇ ಕಟ್ಟುತ್ತಿದ್ದರೆ ಕಾಫಿಯ ಸುಂಕ ತೆಗೆಯುವ ಅಗತ್ಯವೇನಿತ್ತು?

– ಒಬ್ಬ ಓದುಗ, ಹಾಸನ