ನಮ್ಮೂರ ಹಾಳದಿಬ್ಬಕ್ಕೆ ಜೇಸಿಬಿ ಹಚ್ಚಬೇಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರ. ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆ ದಂಡೆಯ ಒಂದು ಊರಿನಲ್ಲಿ ಗೊಬ್ಬರ-ಬೀಜದ ಅಂಗಡಿ ಇಟ್ಟುಕೊಂಡಿದ್ದೇನೆ. ಊರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಬರುವ ಅಮಾವಾಸ್ಯೆಗೇ ನಿಂಬೆಹಣ್ಣು, ಕುಂಕುಮ, ಹಾರೆ ಹಿಡಿದುಕೊಂಡು ನಿಧಿಗಳ್ಳರು ಬಂದುಬಿಡ್ತಾರೆ. ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಯಲ್ಲಿ ಹೆಸರು, ಸರ್ವೆ ನಂಬರ್ ಎಲ್ಲ ಇದೆ.

ವಿಷಯ ನಮ್ಮೂರ ಹಾಳದಿಬ್ಬದ್ದು. ಊರ ಹೊರಗೆ, ಹೊಳೆ ಕಡೆಗೆ, ಎರಡಾಳು ಎತ್ತರದ ಬೂದಿ ಬಣ್ಣದ ಮಣ್ಣಿನ ದಿಬ್ಬ. ಆ ಮಣ್ಣು ಹಾಕಿದರೆ ಬೆಳೆ ಚೆನ್ನಾಗಿ ಬರುತ್ತದೆ ಎಂದು ಹಿಂದಿನಿಂದ ಮಾತಿದೆ. ಆ ಮಾತನ್ನು ನಾನೂ ಆಡಿದ್ದೇನೆ. ಯೂರಿಯಾ ಬಾರದ ದಿನ ಅಂಗಡಿಗೆ ಬಂದವರಿಗೆ "ಎರಡು ಟ್ರ್ಯಾಕ್ಟರ್ ಹಾಳಮಣ್ಣು ಹೊಡಿಸ್ರಿ" ಎಂದು ಹೇಳಿ ಕಳಿಸಿದ್ದುಂಟು. ಹಾಗಾಗಿ ಬೇರೆಯವರನ್ನು ಬೊಟ್ಟು ಮಾಡಿ ತೋರಿಸುವಷ್ಟು ಸಾಚಾ ಮನುಷ್ಯ ನಾನಲ್ಲ.

ಆದರೆ ಹೊಲಕ್ಕೆ ವರ್ಷಕ್ಕೆ ನಾಲ್ಕು ಟ್ರ್ಯಾಕ್ಟರ್ ಹೋಗುವುದು ಬೇರೆ. ಈಗ ಒಂದು ಕಾಮಗಾರಿಗೆ ಭರ್ತಿ ಮಣ್ಣು ಬೇಕೆಂದು ಜೇಸಿಬಿ ಬಂದಿದೆ. ಒಂದೇ ವಾರದಲ್ಲಿ ದಿಬ್ಬದ ಒಂದು ಮಗ್ಗುಲೇ ಹೋಯಿತು. ಕೇಳಿದರೆ, "ಸುಮ್ನೆ ಮಣ್ಣರೀ, ಅದರಾಗೇನೈತಿ?" ಅಂದರು.

ಏನಿರಬಹುದು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ಹಳ್ಳೂರು ಸಾಕು. ಅದೂ ಇದೇ ಹೊಳೆಯ ದಂಡೆ, ಅದೂ ಆರು ಮೀಟರಿಗಿಂತ ಚೂರು ಜಾಸ್ತಿ ಎತ್ತರದ ಒಂದು ದಿಬ್ಬ. 1965ರಲ್ಲಿ ಪುರಾತತ್ವ ತಜ್ಞ ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆಸಿದರು. ದಕ್ಷಿಣಕ್ಕೆ ಕಬ್ಬಿಣ ಬಂದದ್ದು ತೀರಾ ತಡವಾಗಿ, ಕ್ರಿ.ಪೂ. ಎರಡು-ಮೂರನೇ ಶತಮಾನದ ಹೊತ್ತಿಗೆ ಎಂಬ ಲೆಕ್ಕ ಆಗ ನಡೆಯುತ್ತಿತ್ತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದ ಬ್ರಿಟಿಷ್ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಹಾಕಿಕೊಟ್ಟ ಲೆಕ್ಕ ಅದು. ಹಳ್ಳೂರಿನಲ್ಲಿ ಕಬ್ಬಿಣ ಸಿಕ್ಕ ಪದರದ ಇದ್ದಿಲನ್ನು ಪರೀಕ್ಷೆಗೆ ಕಳಿಸಿದರೆ ಬಂದ ಕಾಲ ಸುಮಾರು ಕ್ರಿ.ಪೂ. 1000. ಒಂದು ಹಿಡಿ ಇದ್ದಿಲು ಏಳೆಂಟು ನೂರು ವರ್ಷದ ಇತಿಹಾಸವನ್ನು ಹಿಂದಕ್ಕೆ ತಳ್ಳಿತು.

ಕುದುರೆಯ ಕಥೆ ಇನ್ನೂ ಸ್ವಾರಸ್ಯದ್ದು. ಹಳ್ಳೂರಿನ ಎಲುಬುಗಳನ್ನು ನೋಡಿದವರು ಧಾರವಾಡದ ಪಶುವೈದ್ಯ ಕೆ.ಆರ್. ಆಲೂರ. ದನ, ಕುರಿಗಳ ಎಲುಬಿನ ನಡುವೆ ಅವರಿಗೆ ಕುದುರೆಯದ್ದೂ ಕಂಡಿತು, ಅದೂ ಹಳೆಯ ಪದರದಲ್ಲಿ. ಅಷ್ಟು ಹಿಂದೆ ಇಷ್ಟು ದಕ್ಷಿಣದಲ್ಲಿ ಕುದುರೆ ಹೇಗೆ ಬಂತು ಎಂದು ದೊಡ್ಡ ಗದ್ದಲವೇ ಆಯಿತು. ಅವರ ಮಾತನ್ನು ಒಪ್ಪಿದವರಿದ್ದಾರೆ, ಒಪ್ಪದವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ನನಗೆ ಇಷ್ಟವಾದದ್ದು ಬೇರೆ. ದೊಡ್ಡ ಪಂಡಿತರ ಜಗಳಕ್ಕೆ ಕಿಡಿ ಹಚ್ಚಿದ್ದು ದಿನವೂ ದನ ನೋಡುವ ಒಬ್ಬ ಡಾಕ್ಟರ ಕಣ್ಣು, ಅಲ್ವಾ?

ಕಾಳಿನ ವಿಷಯ ನನ್ನ ಕಸುಬಿಗೆ ಹತ್ತಿರದ್ದು, ಸ್ವಲ್ಪ ತಾಳ್ಮೆಯಿಂದ ಓದಿ. 1990ರ ದಶಕದ ಕೊನೆಯಲ್ಲಿ ಹಳ್ಳೂರಿನ ಮಣ್ಣನ್ನು ಮತ್ತೆ ತೆಗೆದು ನೀರಿಗೆ ಹಾಕಿ ನೋಡಿದರು. ಕಾಳು ತೊಳೆಯುವಾಗ ಜೊಳ್ಳು ಮೇಲೆ ಬರುವುದಿಲ್ಲವೇ, ಹಾಗೇ ಸುಟ್ಟು ಕರಿಕಾದ ಕಾಳುಗಳು ತೇಲುತ್ತವೆ. ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಗುರುತಿಸುತ್ತಾರೆ. ತುಂಗಭದ್ರೆ ಸೀಮೆಯ ಆ ಹಳೇ ರೈತರು ಉಣ್ಣುತ್ತಿದ್ದದ್ದು ಏನು ಗೊತ್ತೇ? ಕೊರಲೆ, ಹುರುಳಿ, ಹೆಸರು. ಹುರುಳಿ, ಹೆಸರಿನ ಬೀಜ ಇವತ್ತೂ ನನ್ನ ಅಂಗಡಿಯಲ್ಲಿದೆ. ನಾಲ್ಕು ಸಾವಿರ ವರ್ಷದ ಗಿರಾಕಿ ಎನ್ನಬೇಕು!

ಇದ್ದಿಲು, ಎಲುಬು, ಕರಕಲು ಕಾಳು. ಇವು ಯಾವುವೂ ಮಾರಿದರೆ ನಾಲ್ಕು ಕಾಸು ಹುಟ್ಟುವ ವಸ್ತುಗಳಲ್ಲ. ಯಾವ ಪದರದಲ್ಲಿ, ಯಾವುದರ ಪಕ್ಕ ಸಿಕ್ಕಿತು ಅನ್ನುವುದೇ ಅವುಗಳ ಬೆಲೆ. ಜೇಸಿಬಿ ಬಕೆಟ್ಟಿನಲ್ಲಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆದ ಮೇಲೆ ಯಾವ ಲ್ಯಾಬೂ ಏನೂ ಮಾಡಲಾಗದು.

2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೆಗೆಯುವಾಗ ಬಂಗಾರ ಸಿಕ್ಕಿತು. ಆ ಮನೆಯವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ದೊಡ್ಡ ಮನಸ್ಸು. ಆದರೆ ಅದರ ನಂತರ ನಮ್ಮೂರ ಕಟ್ಟೆಯ ಮೇಲೂ ಬರೀ ಬಂಗಾರದ್ದೇ ಮಾತು. ಹಾಳದಿಬ್ಬದಲ್ಲಿ ಬಂಗಾರ ಇದ್ದರೆ ಉಳಿಸೋಣ, ಇಲ್ಲದಿದ್ದರೆ ರಸ್ತೆಗೆ ಹಾಕೋಣ ಎನ್ನುವ ಧಾಟಿ.

ಅತ್ತ ತಮಿಳುನಾಡು ನೋಡಿ. ಶಿವಗಳೈಯಲ್ಲಿ ಸಿಕ್ಕ ಕಬ್ಬಿಣದ ಕಾಲ ಕ್ರಿ.ಪೂ. 3345ರವರೆಗೂ ಹೋಗುತ್ತದೆ ಎಂದು ಅಲ್ಲಿನ ಸರ್ಕಾರ 2025ರ ಜನವರಿಯಲ್ಲಿ ಪ್ರಕಟಿಸಿತು. ನಿಜವೋ ಅಲ್ಲವೋ ಎಂದು ತಜ್ಞರು ವಾದ ಮಾಡುತ್ತಿದ್ದಾರೆ. ಅದು ತೀರ್ಮಾನವಾಗಬೇಕಾದರೆ ಬೇರೆ ಕಡೆಯ ಹಳೇ ದಿಬ್ಬಗಳನ್ನೂ ನೋಡಬೇಕಾಗುತ್ತದೆ. ಆ ಹೊತ್ತಿಗೆ ನಮ್ಮದು ಯಾವುದೋ ರಸ್ತೆಯ ಅಡಿ ಸೇರಿರುತ್ತದೆ.

ನಮ್ಮ ದಿಬ್ಬ ಹಳ್ಳೂರಿನಷ್ಟೇ ಹಳೆಯದು ಎಂದು ನಾನು ಹೇಳುತ್ತಿಲ್ಲ. ನಾನು ಗೊಬ್ಬರದವ. ಆದರೆ ಒಂದು ಮಾತು. ನಮ್ಮ ಓಣಿಯ ಹುಡುಗಿಯರು ಕುಂಟಾಬಿಲ್ಲೆ ಆಡುವಾಗ ಎಸೆಯುವ ಬಿಲ್ಲೆ ಆ ದಿಬ್ಬದ ಬೋಕಿ, ಅಂದರೆ ಒಡೆದ ಮಡಕೆಯ ಚೂರು. ಒಂದನ್ನು ಇಸಿದುಕೊಂಡು ತೊಳೆದೆ. ಒಳಗೆ ಕಪ್ಪು, ಹೊರಗೆ ಕೆಂಪು, ಉಗುರಿಗೆ ನುಣ್ಣಗೆ ಹತ್ತುತ್ತದೆ. ನಮ್ಮ ಕುಂಬಾರರ ಗಡಿಗೆ ಹೀಗಿರುವುದಿಲ್ಲ. ಕಬ್ಬಿಣ ಯುಗದ ಜಾಗಗಳಲ್ಲಿ ಇಂಥ ಕಪ್ಪು-ಕೆಂಪು ಮಡಕೆ ಹೇರಳವಾಗಿ ಸಿಗುತ್ತದೆ. ಬಲ್ಲವರು ಒಮ್ಮೆ ಬಂದು ನೋಡಲು ಇಷ್ಟು ಸಾಲದೇ?

ಊರಲ್ಲಿ ವಿರೋಧವೂ ಇದೆ, ಮುಚ್ಚಿಡುವುದಿಲ್ಲ. "ಇಲಾಖೆಯವರು ಬಂದರೆ ಮನೆ ಕಟ್ಟೋಕೆ ಬಿಡಲ್ಲ, ಹೊಲ ಹೋಗುತ್ತೆ" ಎನ್ನುವ ಭಯ. ಅದು ಸುಳ್ಳು ಭಯವೇನಲ್ಲ. ದಿಬ್ಬದ ಅಂಚಿಗೆ ಹೊಲ ಇರುವ ಮೂರು ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅವರ ಖಾತೆ ಪುಸ್ತಕ ನನ್ನ ಅಂಗಡಿಯಲ್ಲೇ ಇದ್ದರೂ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಅಧಿಕಾರಿ ಬಂದು ಹೇಳಿದರೆ ನೋಟಿಸ್ ಬಂತು ಅಂದುಕೊಳ್ಳುತ್ತಾರೆ. ನೀವು ಕಟ್ಟೆಯ ಮೇಲೆ ಕೂತು, ಯಾರ ಹೊಲಕ್ಕೆ ಏನಾಗುತ್ತದೆ, ಏನಾಗುವುದಿಲ್ಲ ಎಂದು ಬಿಡಿಸಿ ಹೇಳಿದರೆ ಕೇಳ್ತಾರೆ.

ನಾನು ಮ್ಯೂಸಿಯಂ ಕೇಳುತ್ತಿಲ್ಲ, ಉತ್ಸವ ಅಂತೂ ಬೇಡವೇ ಬೇಡ. ತಹಶೀಲ್ದಾರರಿಗೆ ಒಂದು ಫೋನ್ ಮಾಡಿ ಜೇಸಿಬಿ ನಿಲ್ಲಿಸಿ. ಭರ್ತಿಗೆ ಬೇರೆ ಕಡೆ ಮಣ್ಣು ತೋರಿಸಿ, ಕಾಮಗಾರಿಯೂ ಊರಿಗೆ ಬೇಕಾದದ್ದೇ. ಪುರಾತತ್ವ ಇಲಾಖೆಯವರನ್ನೋ, ಕರ್ನಾಟಕ ವಿಶ್ವವಿದ್ಯಾಲಯದ ಮೇಷ್ಟ್ರುಗಳನ್ನೋ ಧಾರವಾಡದಿಂದ ಒಂದು ದಿನ ಕರೆಸಿ. ಊಟ, ಚಹಾ ನನ್ನ ಮನೆಯದು.

ಮುಂಗಾರಿಗೆ ಮುಂಚೆಯೇ ಬಂದರೆ ಒಳ್ಳೆಯದು. ಜೇಸಿಬಿ ಕಡಿದ ಮಗ್ಗುಲು ಈಗ ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ಬೂದಿ, ಕೆಮ್ಮಣ್ಣು, ಮತ್ತೆ ಬೂದಿ, ನಡುವೆ ಎರಡು ಬೆರಳು ದಪ್ಪದ ಇದ್ದಿಲಿನ ಗೆರೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಎರಡು ದೊಡ್ಡ ಮಳೆ ಹೊಡೆದರೆ ಅದೂ ಕುಸಿದು ಬೀಳುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಗೊಬ್ಬರದ ಅಂಗಡಿಯವ