ಅಜ್ಜನ ಕೈಯ ಗಂಟೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮಾ, ನಾನು ಎಲೆಯಡಿಕೆಯ ಕವಳ ಹಾಕಲ್ಲ, ಸಿಗರೇಟು ಮುಟ್ಟಲ್ಲ, ನನಗ್ಯಾಕೆ ಕ್ಯಾನ್ಸರ್ ತಡೆಯುವ ಈ ಎಚ್‌ಪಿವಿ ಲಸಿಕೆ?" ಅಂತ. ಪಕ್ಕದಲ್ಲಿ ನಿನ್ನ ಅಜ್ಜಿ ಕೂತಿದ್ದರು. ನಾಚಿಕೆಯಾಗಿ ಮಾತು ತೇಲಿಸಿಬಿಟ್ಟೆ. ಹಾಗೆ ಮಾಡಬಾರದಿತ್ತು.

ನನ್ನ ಅಪ್ಪ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರ ದನಿ ಅಂಗಳ ದಾಟಿ ತೋಟದವರೆಗೂ ಕೇಳುತ್ತಿತ್ತು. ಕೆನ್ನೆಯಲ್ಲಿ ಹೊಗೆಸೊಪ್ಪಿನ ಕವಳ ಇರಲೇಬೇಕು, ನಡುನಡುವೆ ಬೀಡಿ. ಒಂದು ಮಳೆಗಾಲದಲ್ಲಿ ದನಿ ಒಡೆಯಿತು. ಶೀತ ಇರಬೇಕು ಅಂತ ಮೂರು ತಿಂಗಳು ಕಾಳುಮೆಣಸಿನ ಕಷಾಯ ಕುಡಿಸಿದೆವು. ಆಸ್ಪತ್ರೆಗೆ ಹೋದಾಗ ಗಂಟಲಿನ ಕ್ಯಾನ್ಸರ್ ಅಂತ ಗೊತ್ತಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಮೇಲೆ ಕತ್ತಿನ ತೂತಿನಿಂದಲೇ ಉಸಿರು. ನೀರು ಬೇಕೆಂದರೆ ದನದ ಕೊರಳಿನ ಗಂಟೆಯೊಂದನ್ನು ಅಲ್ಲಾಡಿಸುತ್ತಿದ್ದರು. ಆ ಸದ್ದು ನನಗೆ ಈಗಲೂ ಕೇಳುತ್ತದೆ.

ನಮ್ಮ ಅನ್ನ ಅಡಿಕೆಯದೇ. ಆದರೂ ಹೇಳುತ್ತೇನೆ, ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ತಂಬಾಕಿನ ಜೊತೆ ಕುಡಿತವೂ ಸೇರಿದರೆ ಅಪಾಯ ಎಷ್ಟೋ ಪಟ್ಟು ಜಾಸ್ತಿ.

ಇನ್ನು ನಿನ್ನ ಪ್ರಶ್ನೆ. ಎಚ್‌ಪಿವಿ ಅನ್ನುವ ವೈರಸ್ ಗುಂಪಿದೆ. ಅದರಲ್ಲಿ 16ನೇ ತಳಿ ಗರ್ಭಕಂಠಕ್ಕೆ ಮಾತ್ರ ಅಲ್ಲ, ಟಾನ್ಸಿಲ್‌ಗೆ, ನಾಲಿಗೆಯ ಬುಡಕ್ಕೂ ಕ್ಯಾನ್ಸರ್ ತರುತ್ತದೆ. ಒಂದು ಬೀಡಿ ಸೇದದವರಿಗೂ ಬರಬಹುದು. ಇದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಗಂಟಲಿಗೆ ಸೇರುವುದು ಹೆಚ್ಚಾಗಿ ಬಾಯಿಯ ಮೂಲಕದ ಸಂಪರ್ಕದಿಂದ. ಇದನ್ನು ಹೇಳಲಿಕ್ಕೇ ನಾನು ಅಂದು ಹಿಂಜರಿದದ್ದು. ವೈರಸ್ ಸೇರಿದವರಲ್ಲಿ ಬಹುಪಾಲು ಜನರಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಎಷ್ಟೋ ವರ್ಷದ ಮೇಲೆ ಗಡ್ಡೆಯಾಗುತ್ತದೆ. ಇದು ಬಂದವರ ನಡತೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನೀನು ಸುಮ್ನೆ ಇರಬೇಡ.

ವೈರಸ್ ಮೈಗೆ ಸೇರುವ ಮೊದಲೇ ಹಾಕಿಸಿದರೆ ಲಸಿಕೆಗೆ ಬಲ ಜಾಸ್ತಿ. ನಿನಗೆ 15 ದಾಟಿದೆ, ಹಾಗಾಗಿ ಆರು ತಿಂಗಳಲ್ಲಿ ಮೂರು ಡೋಸ್. ತಮ್ಮನಿಗೂ ಹಾಕಿಸುತ್ತೇನೆ, ಗಂಟಲು ಗಂಡುಮಕ್ಕಳಿಗೂ ಇದೆ ಅಲ್ವಾ? ಆದರೆ ಲಸಿಕೆ ತಂಬಾಕಿನಿಂದ ಕಾಪಾಡುವುದಿಲ್ಲ, ಅದು ನೆನಪಿರಲಿ.

ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ಕತ್ತಿನಲ್ಲಿ ಗಂಟು ಸಿಕ್ಕಿದರೆ, ನುಂಗುವಾಗ ಸಿಕ್ಕಿದಂತಾದರೆ, ಒಂದೇ ಕಿವಿ ನೋಯುತ್ತಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋಗಬೇಕು. ನಿನ್ನ ಹಾಸ್ಟೆಲ್ ಗೆಳತಿಯರಿಗೂ ಹೇಳು.

ಅಡಿಕೆಯ ಕೊನೆಕೊಯ್ಲು ಮುಗಿಯಿತು. ಶುಕ್ರವಾರ ರಾತ್ರಿ ಬಸ್ಸಿಗೆ ಬರುತ್ತೇನೆ. ಶನಿವಾರ ಬೆಳಿಗ್ಗೆ ಮೊದಲ ಡೋಸಿಗೆ ಇಬ್ಬರೂ ಹೋಗೋಣ.

ನಿನ್ನ
ಅಮ್ಮ