ಬ್ಯಾಟರಿಯ ಶೇ. 70 ಅನ್ನು ಅಳೆಯುವವರು ಯಾರು? ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಶ್ರೀ ಪ್ರಲ್ಹಾದ ಜೋಶಿ ಅವರಿಗೆ,
ಕೇಂದ್ರ ಗ್ರಾಹಕ ವ್ಯವಹಾರಗಳು, ಆಹಾರ ಮತ್ತು ಸಾರ್ವಜನಿಕ ವಿತರಣಾ ಸಚಿವರು,
ನವದೆಹಲಿ.

ಮಾನ್ಯರೇ,

ವಿದ್ಯುತ್ ಕಾರು ಕೊಳ್ಳುವವರಿಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಭರವಸೆಯೆಂದರೆ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರುಗಳ ವಾರಂಟಿ. ಆ ಅವಧಿಯೊಳಗೆ ಬ್ಯಾಟರಿಯ ಸಾಮರ್ಥ್ಯ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಕಂಪನಿ ಅದನ್ನು ದುರಸ್ತಿ ಮಾಡಿಕೊಡಬೇಕು, ಇಲ್ಲವೇ ಬದಲಿಸಿಕೊಡಬೇಕು. ಬಹುತೇಕ ವಾರಂಟಿಗಳಲ್ಲಿ ಆ ಮಟ್ಟ ಶೇ. 70 ಎಂದಿರುತ್ತದೆ. ಲಕ್ಷಗಟ್ಟಲೆ ಸಾಲ ಮಾಡಿ ಕಾರು ತೆಗೆದುಕೊಳ್ಳುವ ಕುಟುಂಬ ಈ ಒಂದು ಸಾಲನ್ನು ನಂಬಿಯೇ ಮುಂಗಡ ಕಟ್ಟುತ್ತದೆ. ಆದರೆ ಆ ಶೇ. 70 ಅನ್ನು ಅಳೆಯುವ ಸಾಧನ ಕಂಪನಿಯದು, ಅಳೆಯುವ ವಿಧಾನವೂ ಕಂಪನಿಯದು, ಬಂದ ಅಂಕಿಯನ್ನು ತೋರಿಸಬೇಕೋ ಬೇಡವೋ ಎಂದು ನಿರ್ಧರಿಸುವುದೂ ಕಂಪನಿಯೇ. ಮಾರಿದವರೇ ಅಳೆದು ಮಾರಿದವರೇ ತೀರ್ಪು ಕೊಡುವ ಈ ಏರ್ಪಾಡನ್ನು ಬದಲಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ವಾಹನಗಳ ನಿಯಮಗಳು ರಸ್ತೆ ಸಾರಿಗೆ ಸಚಿವಾಲಯಕ್ಕೂ ತಯಾರಿಕೆಯ ಪ್ರೋತ್ಸಾಹ ಬೃಹತ್ ಕೈಗಾರಿಕೆ ಸಚಿವಾಲಯಕ್ಕೂ ಸೇರಿದ ವಿಷಯ ಎಂಬುದು ನನಗೆ ತಿಳಿದಿದೆ. ಆದರೂ ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಭಾರತೀಯ ಮಾನಕ ಬ್ಯೂರೋ, ಈ ಮೂರೂ ತಮ್ಮ ಸಚಿವಾಲಯದ ಅಡಿಯಲ್ಲಿವೆ. ಪೆಟ್ರೋಲ್ ಬಂಕಿನಲ್ಲಿ ಅಳತೆಯ ಬಗ್ಗೆ ಅನುಮಾನ ಬಂದ ಗ್ರಾಹಕ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆಯನ್ನು ತರಿಸಿ, ತನ್ನ ಕಣ್ಣೆದುರೇ ತುಂಬಿಸಿ ನೋಡಬಹುದು. ಆ ಹಕ್ಕು ಬಂದಿರುವುದು ಇದೇ ಕಾನೂನು ಮಾಪನಶಾಸ್ತ್ರದ ವ್ಯವಸ್ಥೆಯಿಂದ. ಪೆಟ್ರೋಲ್ ಬಿಟ್ಟು ಕರೆಂಟಿಗೆ ಬಂದ ಗ್ರಾಹಕನಿಗೆ, ಕಾರಿನ ಬೆಲೆಯಲ್ಲಿ ಬಹುದೊಡ್ಡ ಪಾಲು ನುಂಗಿರುವ ಬ್ಯಾಟರಿಯ ವಿಷಯದಲ್ಲಿ, ಅಂಥದೊಂದು ಪಾತ್ರೆ ಇಲ್ಲ.

ಬ್ಯಾಟರಿ ಸವೆಯುವುದೇ ದೋಷವೆಂದು ನಾನು ವಾದಿಸುತ್ತಿಲ್ಲ. ಲಿಥಿಯಂ ಅಯಾನ್ ಕೋಶದ ಒಳಗೆ ಒಂದು ಧ್ರುವವಾಗಿರುವ ಗ್ರಾಫೈಟಿನ ಮೇಲೆ ಒಂದು ತೆಳುವಾದ ಪೊರೆ ಬೆಳೆಯುತ್ತದೆ. ಚಾರ್ಜ್ ಆಗುತ್ತ, ಖಾಲಿಯಾಗುತ್ತ ಹೋದಂತೆ ಒಂದಿಷ್ಟು ಲಿಥಿಯಂ ಆ ಪೊರೆಯಲ್ಲಿ ಸಿಕ್ಕಿಬಿದ್ದು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಪೊರೆ ಬೇಗ ಬೆಳೆಯುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬ್ಯಾಟರಿ ಒಂದು ಕಿಲೋಮೀಟರೂ ಓಡದೆ ಸವೆಯುತ್ತಿರುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಕಾರಿಗೂ ಮಡಿಕೇರಿಯ ಕಾರಿಗೂ ಒಂದೇ ಬಾಳಿಕೆಯನ್ನು ನಿರೀಕ್ಷಿಸುವಂತಿಲ್ಲ. ಸವಕಳಿ ಸಹಜವಾಗಿರುವುದರಿಂದಲೇ ಅದು ಎಷ್ಟಾಗಿದೆ ಎಂಬ ಅಂಕಿ ಮುಖ್ಯವಾಗುತ್ತದೆ. ಶೇ. 71ಕ್ಕೆ ಗ್ರಾಹಕನಿಗೆ ಏನೂ ಸಿಗುವುದಿಲ್ಲ, ಶೇ. 69ಕ್ಕೆ ಹಲವು ಲಕ್ಷ ರೂಪಾಯಿಯ ಬ್ಯಾಟರಿಗೆ ಕಂಪನಿ ಹೊಣೆಯಾಗುತ್ತದೆ. ಇಷ್ಟು ಹಣ ತೂಗಾಡುವ ಅಂಕಿಯೊಂದು ಸರ್ಕಾರದ ಯಾವ ಮುದ್ರೆಯೂ ಇಲ್ಲದೆ ಬಳಕೆಯಲ್ಲಿರುವುದು ನಮ್ಮ ವ್ಯಾಪಾರ ವ್ಯವಹಾರದಲ್ಲಿ ಬೇರೆಲ್ಲೂ ನನಗೆ ಕಂಡಿಲ್ಲ.

2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ರಸ್ತೆಗಿಳಿದ ರೇವಾ ಕಾರನ್ನು ತಾವೂ ನೋಡಿರುತ್ತೀರಿ. ಅದರಲ್ಲಿದ್ದದ್ದು ಲೆಡ್ ಆಸಿಡ್ ಬ್ಯಾಟರಿಗಳು. ಬಾಳಿಕೆ ಕಡಿಮೆಯೇ ಇತ್ತು, ಕೆಲವೇ ವರ್ಷಗಳಲ್ಲಿ ಇಡೀ ಸೆಟ್ ಬದಲಿಸಬೇಕಾಗುತ್ತಿತ್ತು. ಆದರೆ ಅಂಥ ಬ್ಯಾಟರಿಯ ಸ್ಥಿತಿಯನ್ನು ಬೀದಿಯ ಬ್ಯಾಟರಿ ಅಂಗಡಿಯವರು ಹೈಡ್ರೋಮೀಟರಿನಿಂದ ಆಸಿಡ್ ನೋಡಿ, ಲೋಡ್ ಕೊಟ್ಟು ಪರೀಕ್ಷಿಸಿ ಹೇಳಬಲ್ಲವರಾಗಿದ್ದರು. ಈಗಿನ ಬ್ಯಾಟರಿ ಅದಕ್ಕಿಂತ ಎಷ್ಟೋ ಪಾಲು ಉತ್ತಮ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ನೂರಾರು ವೋಲ್ಟಿನ, ಸೀಲ್ ಮಾಡಿದ ಪೆಟ್ಟಿಗೆ. ಹೊರಗಿನವರು ಅದನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ವಾರಂಟಿ ಹೋಗುತ್ತದೆ.

ನಾನು ದಾವಣಗೆರೆಯವನು. ಮೊದಲೆಲ್ಲ ಇಲ್ಲಿಂದ ಒಂದೇ ಚಾರ್ಜಿನಲ್ಲಿ ಬೆಂಗಳೂರು ತಲುಪುತ್ತಿದ್ದ ನನ್ನ ಕಾರನ್ನು ಈಗ ಶಿರಾದಲ್ಲಿ ನಿಲ್ಲಿಸಿ ಚಾರ್ಜಿಗೆ ಹಾಕದೆ ವಿಧಿಯಿಲ್ಲ. ಅದನ್ನೇ ಹೇಳಿ ಸರ್ವಿಸ್ ಸೆಂಟರಿಗೆ ಬಿಟ್ಟೆ. ತಂತ್ರಜ್ಞ ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದರು. ಪರದೆಯ ಮೇಲೆ ಕೋಶಗಳ ವೋಲ್ಟೇಜು, ತಾಪಮಾನ ಎಲ್ಲ ಸಾಲುಸಾಲಾಗಿ ಬಂದವು. ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟಿದೆ ಎಂದು ಕೇಳಿದ್ದಕ್ಕೆ, ‘ಅದನ್ನ ಕಸ್ಟಮರಿಗೆ ಹೇಳೋ ಹಾಗಿಲ್ಲ ಸರ್, ರಿಪೋರ್ಟ್ ಸೀದಾ ಕಂಪನಿಗೆ ಹೋಗುತ್ತೆ’ ಎಂದರು. ಆ ಹುಡುಗನ ಮೇಲೆ ನನಗೆ ಬೇಸರವಿಲ್ಲ, ಅವರಿಗೆ ಬಂದ ಸೂಚನೆಯೇ ಹಾಗಿತ್ತು. ಸಂಜೆ ಕೈಗೆ ಬಂದ ಜಾಬ್ ಕಾರ್ಡಿನಲ್ಲಿ ‘ಹೈ ವೋಲ್ಟೇಜ್ ಬ್ಯಾಟರಿ ಚೆಕ್ಡ್, ಫೌಂಡ್ ಓಕೆ’ ಎಂದು ಒಂದು ಸಾಲು ಇತ್ತು. ಟೈರಿನ ಗಾಳಿ ಎಷ್ಟಿದೆ, ಬ್ರೇಕ್ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂಬುದನ್ನೆಲ್ಲ ಅಂಕಿಯಲ್ಲಿ ಬರೆದಿದ್ದ ಅದೇ ಕಾರ್ಡಿನಲ್ಲಿ ಬ್ಯಾಟರಿಗೆ ಮಾತ್ರ ಅಂಕಿ ಇರಲಿಲ್ಲ. ಯಾವ ಕಂಪನಿ, ಯಾವ ಸರ್ವಿಸ್ ಸೆಂಟರ್ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನನ್ನ ದೂರು ಒಂದು ಕಂಪನಿಯ ಮೇಲಲ್ಲ, ಹೀಗೆ ಮಾಡಲು ಎಲ್ಲರಿಗೂ ಅವಕಾಶವಿರುವುದರ ಮೇಲೆ.

ಬ್ಯಾಟರಿ ನಿರ್ವಹಣಾ ವ್ಯವಸ್ಥೆ, ಅಂದರೆ ಬಿಎಂಎಸ್, ಕೊಡುವ ಆ ಶೇಕಡಾವಾರು ಒಂದು ಅಂದಾಜು. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸಿ, ವೋಲ್ಟೇಜಿನ ಜೊತೆ ತಾಳೆ ನೋಡಿ ಸಾಫ್ಟ್‌ವೇರ್ ಅದನ್ನು ಲೆಕ್ಕ ಹಾಕುತ್ತದೆ. ಈಗ ಹೆಚ್ಚಾಗಿ ಬಳಕೆಗೆ ಬಂದಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ ಚಾರ್ಜ್ ಇಳಿದರೂ ವೋಲ್ಟೇಜ್ ಬಹುಪಾಲು ಒಂದೇ ಸಮನಾಗಿರುವುದರಿಂದ ಅಂದಾಜು ತಪ್ಪುವ ಸಾಧ್ಯತೆ ಇನ್ನೂ ಹೆಚ್ಚು. ಇದರ ಮೇಲೆ, ಬ್ಯಾಟರಿಯ ಪೂರ್ಣ ಸಾಮರ್ಥ್ಯದಲ್ಲಿ ಒಂದು ಪಾಲನ್ನು ತಯಾರಕರು ಬಳಕೆಗೆ ಬಿಡದೆ ಕಾಯ್ದಿರಿಸಿರುತ್ತಾರೆ. ಆ ಪಾಲನ್ನು ಹಿಗ್ಗಿಸುವ, ಕುಗ್ಗಿಸುವ ಅಧಿಕಾರವೂ ಸಾಫ್ಟ್‌ವೇರಿನದೇ. ಇದು ಬರಿಯ ಊಹೆಯಲ್ಲ. 2019ರಲ್ಲಿ ಅಮೆರಿಕದ ಟೆಸ್ಲಾ ಕಂಪನಿ ಕಳುಹಿಸಿದ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಕೆಲವು ಮಾಡೆಲ್ ಎಸ್ ಕಾರುಗಳ ಬ್ಯಾಟರಿಯ ಗರಿಷ್ಠ ವೋಲ್ಟೇಜನ್ನು ತಗ್ಗಿಸಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. 2021ರಲ್ಲಿ 1,743 ಕಾರುಗಳಿಗೆ ಸಂಬಂಧಿಸಿ 15 ಲಕ್ಷ ಡಾಲರಿನ ರಾಜಿಯಾಯಿತು.

ಅದಕ್ಕೂ ಮುಂಚೆ, 2012ರಲ್ಲಿ, ಅರಿಜೋನಾದ ಸುಡು ಬಿಸಿಲಿನಲ್ಲಿ ನಿಸಾನ್ ಲೀಫ್ ಕಾರುಗಳ ಬ್ಯಾಟರಿ ನಿರೀಕ್ಷೆಗಿಂತ ಬೇಗ ಕುಗ್ಗತೊಡಗಿತ್ತು. ಆ ಕಾರಿನ ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಸಾಮರ್ಥ್ಯವನ್ನು ತೋರಿಸುವ 12 ಗೀಟುಗಳಿದ್ದವು. ಒಂದೊಂದಾಗಿ ಗೀಟು ಮಾಯವಾಗುವುದನ್ನು ಮಾಲೀಕರು ಕಣ್ಣಾರೆ ಕಂಡರು, ಒಬ್ಬರಿಗೊಬ್ಬರು ಹೇಳಿಕೊಂಡರು, ದಾವೆ ಹೂಡಿದರು. ಕೊನೆಗೆ ಕಂಪನಿ 5 ವರ್ಷ ಅಥವಾ 60,000 ಮೈಲಿಯೊಳಗೆ 9 ಗೀಟಿಗಿಂತ ಕೆಳಗಿಳಿದರೆ ಬ್ಯಾಟರಿಯನ್ನು ಸರಿಪಡಿಸಿಕೊಡುವ, ಇಲ್ಲವೇ ಬದಲಿಸಿಕೊಡುವ ವಾರಂಟಿಯನ್ನು ಹೊಸದಾಗಿ ಕೊಟ್ಟಿತು. ಅಂದು ಆ ಗೀಟುಗಳು ಕಾಣದೆ ಹೋಗಿದ್ದರೆ ಅವರ ಕೈಯಲ್ಲಿ ಹೇಳಿಕೊಳ್ಳಲು ಏನೂ ಇರುತ್ತಿರಲಿಲ್ಲ. ಇಂದು ನಮ್ಮಲ್ಲಿ ಎಷ್ಟೋ ಕಾರುಗಳು ಉಳಿದ ಚಾರ್ಜನ್ನು ತೋರಿಸುತ್ತವೆಯೇ ಹೊರತು ಉಳಿದ ಸಾಮರ್ಥ್ಯವನ್ನು ತೋರಿಸುವುದಿಲ್ಲ.

ಈ ಕೊರತೆಗೆ ಪರಿಹಾರವನ್ನು ಜಗತ್ತು ಆಗಲೇ ಬರೆದಿಟ್ಟಿದೆ. ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ 2022ರ ಮಾರ್ಚಿನಲ್ಲಿ 22ನೇ ಜಾಗತಿಕ ತಾಂತ್ರಿಕ ನಿಯಮವನ್ನು ಅಂಗೀಕರಿಸಿತು. ಅದರಂತೆ ಬ್ಯಾಟರಿ 5 ವರ್ಷ ಅಥವಾ 1,00,000 ಕಿಲೋಮೀಟರಿಗೆ ಶೇ. 80, 8 ವರ್ಷ ಅಥವಾ 1,60,000 ಕಿಲೋಮೀಟರಿಗೆ ಶೇ. 70 ಸಾಮರ್ಥ್ಯ ಉಳಿಸಿಕೊಂಡಿರಬೇಕು. ನನಗೆ ಈ ಅಂಕಿಗಳಿಗಿಂತ ದೊಡ್ಡದಾಗಿ ಕಾಣುವುದು ಅದರಲ್ಲಿರುವ ಪರಿಶೀಲನೆಯ ಕ್ರಮ. ಕಾರಿನೊಳಗೆ ಗ್ರಾಹಕನಿಗೆ ಕಾಣುವಂಥ ಒಂದು ಮಾಪಕ ಇರಬೇಕು. ಬಳಕೆಯಲ್ಲಿರುವ ಕೆಲವು ಕಾರುಗಳನ್ನು ಆಯ್ದು, ಆ ಮಾಪಕ ಹೇಳುವುದನ್ನು ನಿಜವಾದ ಪರೀಕ್ಷೆಯೊಂದಿಗೆ ತಾಳೆ ನೋಡಬೇಕು. ಮಾಪಕ ನಂಬಿಕೆಗೆ ಅರ್ಹವೆಂದು ತೀರ್ಮಾನವಾದ ಮೇಲೆ ಅದರ ಅಂಕಿಗಳಿಂದ ಬ್ಯಾಟರಿಯ ಬಾಳಿಕೆಯನ್ನು ತೂಗಬೇಕು. ಐರೋಪ್ಯ ಒಕ್ಕೂಟ ಇದನ್ನೇ ವಾಹನ ಮಾಲಿನ್ಯಕ್ಕೆ ಸಂಬಂಧಿಸಿದ ತನ್ನ ಯೂರೋ 7 ನಿಯಮಕ್ಕೆ ಸೇರಿಸಿಕೊಂಡು ಕಾರುಗಳಿಗೆ 8 ವರ್ಷದ ಮಟ್ಟವನ್ನು ಶೇ. 72ಕ್ಕೆ ಏರಿಸಿದೆ; ಅದರ ಬ್ಯಾಟರಿ ನಿಯಮದ ಪ್ರಕಾರ 2024ರ ಆಗಸ್ಟಿನಿಂದ ಬ್ಯಾಟರಿಯ ಆರೋಗ್ಯದ ಮಾಹಿತಿಯನ್ನು ಮಾಲೀಕನೂ ಅವನ ಪರವಾಗಿ ಬಂದವರೂ ಓದಿಕೊಳ್ಳಬಹುದು. ಕ್ಯಾಲಿಫೋರ್ನಿಯಾ 2026ರ ಮಾದರಿಗಳಿಂದ, ಯಾವ ಉಪಕರಣದ ನೆರವೂ ಇಲ್ಲದೆ ಚಾಲಕನಿಗೇ ಆ ಅಂಕಿ ಕಾಣಬೇಕೆಂದು ವಿಧಿಸಿದೆ.

ಜಾಗತಿಕ ತಾಂತ್ರಿಕ ನಿಯಮಗಳ 1998ರ ಒಪ್ಪಂದಕ್ಕೆ ಭಾರತ 2006ರಲ್ಲೇ ಸೇರಿದೆ. ನಮ್ಮಲ್ಲಿ 2022ರಲ್ಲಿ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಪ್ರಕರಣಗಳ ನಂತರ ವಿದ್ಯುತ್ ವಾಹನಗಳ ಬ್ಯಾಟರಿಗೆ ಸಂಬಂಧಿಸಿದ ಎಐಎಸ್ 156 ಮತ್ತು ಎಐಎಸ್ 038 ಮಾನದಂಡಗಳನ್ನು ಬಿಗಿಗೊಳಿಸಿದ್ದು ಸರಿಯಾದ ಕ್ರಮವೇ. ಆದರೆ ಅವು ಸುರಕ್ಷತೆಯ ಮಾನದಂಡಗಳು. ಬೆಂಕಿ ಹತ್ತದ ಬ್ಯಾಟರಿ ಎಷ್ಟು ಬೇಗ ಕುಗ್ಗಿತು ಎಂಬುದು ಅವುಗಳ ವಿಷಯವಲ್ಲ.

ಇನ್ನು ವಾರಂಟಿಯ ಪತ್ರವನ್ನೇ ತೆಗೆದುಕೊಳ್ಳಿ. ‘ಬದಲಿಸಿಕೊಡುತ್ತೇವೆ’ ಎಂದರೆ ಹೊಸ ಬ್ಯಾಟರಿ ಎಂದು ಓದುವವರೇ ಹೆಚ್ಚು. ಸಣ್ಣಕ್ಷರದ ಷರತ್ತುಗಳನ್ನು ಓದಿದರೆ, ದುರಸ್ತಿ ಮಾಡಿದ ಹಳೆಯ ಬ್ಯಾಟರಿಯನ್ನೂ ಹಾಕಿಕೊಡಬಹುದು, ಸಾಮರ್ಥ್ಯವನ್ನು ವಾರಂಟಿಯ ಮಟ್ಟಕ್ಕೆ ಏರಿಸಿದರೆ ಸಾಕು, ಬದಲಿಸಿದ ಬ್ಯಾಟರಿಗೆ ಮೊದಲಿನ ವಾರಂಟಿಯಲ್ಲಿ ಉಳಿದ ಅವಧಿ ಮಾತ್ರ ಅನ್ವಯ ಎಂಬಂಥ ಮಾತುಗಳು ಸಿಗುತ್ತವೆ. ಅಡಿಭಾಗಕ್ಕೆ ಪೆಟ್ಟು ಬಿದ್ದಿದ್ದರೆ ಇಲ್ಲ, ನೀರು ಹೊಕ್ಕಿದ್ದರೆ ಇಲ್ಲ, ಸರ್ವಿಸ್ ತಡವಾಗಿದ್ದರೆ ಇಲ್ಲ ಎಂಬ ಪಟ್ಟಿ ಬೇರೆ. ಅಳತೆ ಮೀರಿದ ಹಂಪುಗಳಿರುವ, ಮಳೆಗಾಲದಲ್ಲಿ ಅಂಡರ್‌ಪಾಸುಗಳೇ ಕೆರೆಯಾಗುವ ಊರುಗಳಲ್ಲಿ ಈ ಷರತ್ತುಗಳಿಗೆ ಸಿಕ್ಕದೆ 8 ವರ್ಷ ಓಡಿಸುವುದು ಸುಲಭವಲ್ಲ. ಇತ್ತೀಚೆಗೆ ಕೆಲವು ಕಂಪನಿಗಳು ‘ಜೀವಮಾನದ’ ವಾರಂಟಿ ಘೋಷಿಸಿವೆ. ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಆ ಸೌಲಭ್ಯ ಪೂರ್ಣವಾಗಿ ಸಿಗುವುದು ಮೊದಲ ಮಾಲೀಕನಿಗೆ ಮಾತ್ರ. ಕಾರು ಕೈಬದಲಾದ ಕೂಡಲೇ ಅದು ಮೊಟಕಾಗುತ್ತದೆ. ಹೊಸ ಕಾರು ಕೊಳ್ಳುವ ಶಕ್ತಿಯಿಲ್ಲದೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವನಿಗೆ ಬ್ಯಾಟರಿಯ ಅಂಕಿಯೂ ಇಲ್ಲ, ಪೂರ್ಣ ವಾರಂಟಿಯೂ ಇಲ್ಲ. ವಾರಂಟಿ ಸಿಗದೆ ಕೈಯಿಂದಲೇ ಬ್ಯಾಟರಿ ಹಾಕಿಸಿಕೊಳ್ಳುವವರಿಗೆ ಇನ್ನೊಂದು ಹೊರೆ ಕಾದಿದೆ: ಇಡೀ ಕಾರಿಗೆ ಶೇ. 5 ಇರುವ ಜಿಎಸ್‌ಟಿ, ಬಿಡಿ ಬ್ಯಾಟರಿಗೆ ಶೇ. 18.

ಹಾಗಾದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದಲ್ಲ ಎಂದು ಯಾರಾದರೂ ಹೇಳಬಹುದು. ಪರೀಕ್ಷೆಯಿಲ್ಲದೆ ದೋಷ ಗೊತ್ತಾಗದಿದ್ದಾಗ ವಸ್ತುವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಲು ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ ಜಿಲ್ಲಾ ಆಯೋಗಕ್ಕೆ ಅಧಿಕಾರ ಕೊಟ್ಟಿದೆ, ವರದಿಗೆ 45 ದಿನಗಳ ಗಡುವನ್ನೂ ಹಾಕಿದೆ. ಆದರೆ ಕೆಲವು ನೂರು ಕಿಲೋ ತೂಗುವ ಬ್ಯಾಟರಿಯನ್ನು ಜಿಲ್ಲಾ ಆಯೋಗ ಎಲ್ಲಿಗೆ ಕಳುಹಿಸಬೇಕು, ಯಾವ ವಿಧಾನದಿಂದ ಪರೀಕ್ಷಿಸಬೇಕು ಎಂಬುದು ಎಲ್ಲಿಯೂ ಗೊತ್ತುಪಡಿಸಿಲ್ಲದಿದ್ದರೆ ಆ ಅಧಿಕಾರ ಹಾಳೆಯ ಮೇಲೆಯೇ ಉಳಿಯುತ್ತದೆ. ಷರತ್ತುಗಳೇ ಅನ್ಯಾಯದವು ಎಂದು ಪ್ರಶ್ನಿಸಲು ಹೊರಟರೆ, ಅನ್ಯಾಯದ ಕರಾರಿನ ದೂರುಗಳನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಬೀದರಿನ ಗ್ರಾಹಕ ಇದಕ್ಕಾಗಿ ಕೆಲಸ ಬಿಟ್ಟು ವಕೀಲರನ್ನು ಹಿಡಿದು ಓಡಾಡುತ್ತಾನೆಂದು ನಿರೀಕ್ಷಿಸುವುದು ಕಷ್ಟ.

ಸವಕಳಿ ಬಹುಪಾಲು ಮಾಲೀಕ ಓಡಿಸುವ, ಚಾರ್ಜ್ ಮಾಡುವ ರೀತಿಯನ್ನು ಅವಲಂಬಿಸಿದೆ, ಅಂಕಿಯನ್ನು ಬಯಲು ಮಾಡಿದರೆ ಒಂದೆರಡು ಶೇಕಡಾ ಏರಿಳಿತಕ್ಕೂ ಜನ ಜಗಳಕ್ಕೆ ಬರುತ್ತಾರೆ ಎಂಬುದು ತಯಾರಕರ ಕಡೆಯಿಂದ ಬರುವ ವಾದ. ಇದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಎಷ್ಟು ಸಲ ಫಾಸ್ಟ್ ಚಾರ್ಜ್ ಆಯಿತು, ಬ್ಯಾಟರಿ ಎಷ್ಟು ಬಿಸಿಯಾಯಿತು ಎಂಬ ದಾಖಲೆಯೂ ಕಾರಿನಲ್ಲಿಯೇ ಇರಬಲ್ಲದು. ಎರಡೂ ಕಡೆಯವರಿಗೆ ಅದೇ ದಾಖಲೆ ಕಂಡರೆ ಜಗಳ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ಚೆನ್ನಾಗಿ ನೋಡಿಕೊಂಡ ಮಾಲೀಕನಿಗೆ ತನ್ನ ಕಾರನ್ನು ಒಳ್ಳೆಯ ಬೆಲೆಗೆ ಮಾರಲು ಅದು ನೆರವಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಬ್ಯಾಟರಿಯ ಉಳಿದ ಸಾಮರ್ಥ್ಯವನ್ನು ಅಳೆಯುವ ವಿಧಾನಕ್ಕೆ 22ನೇ ಜಾಗತಿಕ ನಿಯಮದ ಮಾದರಿಯಲ್ಲಿ, ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿದು, ಮಾನಕ ಬ್ಯೂರೋ ಒಂದು ಭಾರತೀಯ ಮಾನಕವನ್ನು ರೂಪಿಸಬೇಕು. ಹೊಸ ಕಾರುಗಳಲ್ಲಿ ಆ ಮಾಪಕ ಕಡ್ಡಾಯವಾಗುವಂತೆ ರಸ್ತೆ ಸಾರಿಗೆ ಸಚಿವಾಲಯದೊಡನೆ ತಾವು ಮಾತನಾಡಬೇಕು. ವ್ಯಾಜ್ಯ ಬಂದಾಗ ಜಿಲ್ಲಾ ಆಯೋಗಗಳು ಬ್ಯಾಟರಿಯನ್ನು ಕಳುಹಿಸಬಹುದಾದ ಪ್ರಯೋಗಾಲಯಗಳನ್ನು, ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ, ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥವುಗಳ ಅರ್ಹತೆ ನೋಡಿ, ಹೆಸರಿಸಿ ಪ್ರಕಟಿಸಬೇಕು. ವಾರಂಟಿ ಮಾಲೀಕನಿಗಲ್ಲದೆ ಕಾರಿಗೆ ಅಂಟಿಕೊಂಡಿರಬೇಕು.

ಇವಕ್ಕೆಲ್ಲ ಕಾಲ ಹಿಡಿಯುತ್ತದೆ ಎಂಬುದು ಗೊತ್ತಿದೆ. ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಹೋಟೆಲುಗಳ ಸೇವಾ ಶುಲ್ಕದ ಬಗ್ಗೆ 2022ರಲ್ಲಿ, ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ ಬಗ್ಗೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಅದೇ ರೀತಿ, ಸರ್ವಿಸಿಗೆ ಬಂದ ಪ್ರತಿ ವಿದ್ಯುತ್ ಕಾರಿನ ಜಾಬ್ ಕಾರ್ಡಿನಲ್ಲಿ ಬ್ಯಾಟರಿಯ ಆರೋಗ್ಯವನ್ನು ಶೇಕಡಾವಾರು ಅಂಕಿಯಲ್ಲಿ, ತಾರೀಖು ಮತ್ತು ಓಡಿದ ಕಿಲೋಮೀಟರಿನ ಜೊತೆ ಮುದ್ರಿಸಿ ಗ್ರಾಹಕನ ಕೈಗೆ ಕೊಡಲೇಬೇಕೆಂದು ಪ್ರಾಧಿಕಾರ ಒಂದು ಮಾರ್ಗಸೂಚಿ ಹೊರಡಿಸಲಿ. ಆ ಅಂಕಿ ಸರ್ವಿಸ್ ಸೆಂಟರಿನ ಲ್ಯಾಪ್‌ಟಾಪಿನಲ್ಲಿ ಇಂದೇ ಇದೆ.

ಇತಿ ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ವಿದ್ಯುತ್ ಕಾರಿನ ಮಾಲೀಕ